ಅಳತೆಯ ದಾರ ಮತ್ತು ನಮ್ಮ ಚಾನಲ್ಲು

ಈ ಚಾನಲ್ಲು ಆಗದ ಮಾತು ಎಂದು ಮೊದಲು ಹೇಳಿದವಳು ನಮ್ಮ ಕೊಟ್ರವ್ವ ಅತ್ತೆ. ಅಪ್ಪನ ಅಕ್ಕ, ಗಂಡ ತೀರಿದ ಮೇಲೆ ಕೊಟ್ಟೂರಿನ ನಮ್ಮ ಮನೆಗೇ ಬಂದು ಉಳಿದವಳು. ನನ್ನ ಮೇಲಿನ ಹಗೆಯಿಂದ ಹೇಳಿದಳು ಅನ್ನುವಂತಿಲ್ಲ. ಹರಪನಹಳ್ಳಿ ಬಸ್ಸು ಇವತ್ತು ಹೊತ್ತಿಗೆ ಸರಿಯಾಗಿ ಬರುತ್ತದೆ ಎಂದರೂ ಅವಳಿಗೆ ಅದು ಆಗದ ಮಾತೇ. ನಾನು ಹತ್ತನೇ ತರಗತಿ ದಾಟುವುದು ಆಗದ ಮಾತಾಗಿತ್ತು, ದಾಟಿದೆ. ಬಿ.ಎ. ಮುಗಿಸುವುದು ಇನ್ನೂ ಆಗದ ಮಾತಾಗಿತ್ತು. ಇಂಗ್ಲಿಷ್ ಒಂದರಲ್ಲೇ ಎರಡು ಸಲ ಬಿದ್ದು, ಮೂರನೇ ಸಲ ಎದ್ದು, ಅದನ್ನೂ ಮುಗಿಸಿದೆ. ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಇದನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ, ಈಗ ನಿಮಗೆ ಹೇಳಿದ ಹಾಗೆ.

ಆಗೆಲ್ಲ ಅತ್ತೆ ಎಲೆಗೆ ಸುಣ್ಣ ಸವರುತ್ತ ಒಂದು ಮಾತು ಎಸೆಯುತ್ತಿದ್ದಳು. "ನಮ್ಮ ಮನ್ಯಾಗ ಸರ್ಟಿಫಿಕೇಟು ಬರೋದು ಸತ್ತ ಮ್ಯಾಲಷ್ಟ ನೋಡ ಶೈಲೀ. ಜೀವ ಇದ್ದಾಗ ಯಾರಿಗೆ ಬಂದೈತಿ?"

ಪದವಿ ಕಾಗದ ತಂದು ತೋರಿಸಿದ ದಿನ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮೂಲೆಗೆ ಒಂದು ಬೊಟ್ಟು ವಿಭೂತಿ ಹಚ್ಚಿ, ಎಲೆಯಡಿಕೆ ಚೀಲ ಎತ್ತಿಕೊಂಡು ಒಳಗೆ ಹೋದಳು. ಸೋತವರು ಹಾಗೇ ಹೋಗುತ್ತಾರೆ.

ಈಗ ನಮ್ಮ ಉದ್ಯೋಗ ಹೇಳಬೇಕು. ಹೇಳಿದ ಕೂಡಲೇ ನೀವು ಒಂದು ಗೇಣು ಆಚೆ ಸರಿಯುತ್ತೀರಿ, ಗೊತ್ತು. ಬಸ್ಸಿನಲ್ಲಿ ಪಕ್ಕದ ಸೀಟಿನವರೂ ಸರಿದಿದ್ದಾರೆ. ನಮ್ಮ ಕಡೆ ಲಿಂಗ ಕಟ್ಟಿಕೊಂಡವರು ತೀರಿಕೊಂಡರೆ ಮಲಗಿಸಿ ಒಯ್ಯುವುದಿಲ್ಲ, ಕೂರಿಸಿ ಒಯ್ಯುತ್ತಾರೆ. ಹಾಗೆ ಕೂರಿಸಲು ಕಟ್ಟುವ ಬಿದಿರಿನ ಪೀಠಕ್ಕೆ ವಿಮಾನ ಎನ್ನುತ್ತಾರೆ. ನಾಲ್ಕು ಮೂಲೆಗೆ ಬಾಳೆಕಂಬ, ನೆತ್ತಿಯ ಮೇಲೆ ಬಣ್ಣದ ಕಾಗದದ ಗೋಪುರ, ಸುತ್ತ ಚೆಂಡು ಹೂ, ಅನುಕೂಲ ಇದ್ದವರಿಗೆ ಹಡಗಲಿ ಮಲ್ಲಿಗೆ. ಬಿದಿರು ಅಪ್ಪನದು, ಹೂ ಮತ್ತು ಕಾಗದ ಅತ್ತೆಯದು. ನಾನು ಬೆಳೆದದ್ದು, ಓದಿದ್ದು, ಮೂರು ಸಲ ಇಂಗ್ಲಿಷ್ ಫೀಸು ಕಟ್ಟಿದ್ದು ಎಲ್ಲವೂ ಅದರಿಂದಲೇ.

ಈ ಕೆಲಸಕ್ಕೆ ಅದರದೇ ಶಿಸ್ತುಗಳಿವೆ. ಬೋರ್ಡು ಹಾಕುವಂತಿಲ್ಲ. ಬಂದವರಿಗೆ "ಹೋಗಿ ಬರ್ರಿ" ಅನ್ನುವಂತಿಲ್ಲ. "ಆತು, ನಡೀರಿ" ಅನ್ನಬೇಕು. ಎಲ್ಲಕ್ಕಿಂತ ದೊಡ್ಡದು ದಾರ. ಅಪ್ಪ ಟೇಪು ಮುಟ್ಟುವುದಿಲ್ಲ. ತೀರಿಕೊಂಡವರನ್ನು ಗೋಡೆಗೆ ಒರಗಿಸಿ ಕೂರಿಸಿದ ಮೇಲೆ ಮನೆಯವರೊಬ್ಬರು ನೆಲದಿಂದ ನೆತ್ತಿಯವರೆಗೆ ದಾರ ಹಿಡಿದು, ನೆತ್ತಿಯ ಮಟ್ಟಕ್ಕೆ ಗಂಟು ಹಾಕಿ ತರಬೇಕು. ತಂದವರು ಹೊಸ್ತಿಲು ದಾಟದೆ ಅಂಗಳದಲ್ಲೇ ನಿಲ್ಲುತ್ತಾರೆ. ದಾರ ಕೈಗೆ ಬರುವವರೆಗೆ ಅಪ್ಪ ಬಿದಿರು ಸೀಳುವುದಿಲ್ಲ. ಕೊನೆಗೆ ಆ ದಾರವೂ ಅವರ ಜೊತೆ ಮಣ್ಣಿಗೆ ಹೋಗುತ್ತದೆ. ಹಾಗಾಗಿ ನಮ್ಮ ಓಣಿಯಲ್ಲಿ ಬಿದಿರು ಸೀಳುವ ಸಪ್ಪಳವೇ ಸುದ್ದಿ. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು "ಯಾರು? ಮಣ್ಣು ಎಷ್ಟೊತ್ತಿಗಂತ?" ಎಂದು ಕೇಳುತ್ತಾರೆ.

ಎರಡು ವರ್ಷದ ಹಿಂದೆ ಗಾಜಿನ ಪೆಟ್ಟಿಗೆಯ ಗಾಡಿ ಬಂತು. ಒಂದು ಫೋನ್ ಮಾಡಿದರೆ ಗಾಡಿ, ಹೂ, ಹಾಡು ಎಲ್ಲ ಒಟ್ಟಿಗೆ. ಕೂಡ್ಲಿಗಿಯಿಂದ ಹಡಗಲಿಯವರೆಗೆ ಕಂಬಕಂಬಕ್ಕೂ ಅವರ ನಂಬರು. ನಮಗೆ ಬರುವ ದಾರಗಳು ಕಡಿಮೆಯಾದವು; ಒಂದು ತಿಂಗಳು ಒಂದೂ ಬರಲಿಲ್ಲ. ಅಪ್ಪ ನುಣುಪಾದ ಬಿದಿರನ್ನೇ ಮತ್ತೆ ಮತ್ತೆ ನುಣುಪು ಮಾಡುತ್ತ ಕೂತಿರುತ್ತಿದ್ದ. "ಕೈ ಕೆಲಸ ಮರ್ತು ಹೋಗ್ತಾವ" ಎಂದ ಒಂದು ದಿನ. ಅಷ್ಟೇ ಅಂದದ್ದು. ನನ್ನ ಪದವಿ ನನಗಿನ್ನೂ ಕೆಲಸ ತಂದಿರಲಿಲ್ಲ. ಮೂರು ಜನರ ಒಲೆ ಅಪ್ಪನ ಆ ಎರಡು ಕೈಗಳ ಮೇಲೆ ನಿಂತಿತ್ತು. ಆಗ ನಾನು, ನಮಗೂ ಒಂದು ವಿಡಿಯೋ ಚಾನಲ್ ಬೇಕು ಎಂದೆ.

"ಹೆಣದ ಕೆಲಸಕ್ಕ ಚಾನಲ್ಲೇನ ಹುಡುಗಿ?" ಎಂದಳು ಅತ್ತೆ. "ನೋಡಾಕ ಯಾರು ಬರ್ತಾರ, ಸತ್ತೋರು ಬರ್ತಾರೇನು? ಆಗದ ಮಾತು."

ಅವಳು ಆಗದ ಮಾತು ಎಂದ ಮೇಲೆ ನನಗೆ ಧೈರ್ಯ ಬಂತು. ಹಿಂದಿನ ಲೆಕ್ಕ ನನ್ನ ಕಡೆಗಿತ್ತು. ಹಗರಿಬೊಮ್ಮನಹಳ್ಳಿಯಲ್ಲಿ ಸಣ್ಣ ವ್ಯಾಪಾರದವರಿಗೆ ವಿಡಿಯೋ ಮಾಡುವುದನ್ನು ಕಲಿಸುವ ಹತ್ತು ದಿನದ ತರಬೇತಿಗೆ ಹೆಸರು ಬರೆಸಿದೆ. ಕೂಡ್ಲಿಗಿಯ ಹುಣಸೆಹಣ್ಣಿನವರು, ಹಡಗಲಿಯಿಂದ ಮಲ್ಲಿಗೆ ಸಸಿ ಮಾರುವಾಕೆ, ಹರಪನಹಳ್ಳಿಯ ಮೆಣಸಿನಕಾಯಿ ಬಜ್ಜಿಯವರು, ಹೀಗೆ ಬಂದಿದ್ದರು. ಒಬ್ಬೊಬ್ಬರಾಗಿ ಎದ್ದು ವ್ಯಾಪಾರ ಹೇಳಬೇಕಿತ್ತು. ನಾನು ಹೇಳಿದ ಮೇಲೆ ಅಕ್ಕಪಕ್ಕದವರು ಕುರ್ಚಿ ಸರಿಸಿಕೊಂಡರು. ಬಜ್ಜಿಯವರೇ ಮೊದಲು ಚೇತರಿಸಿಕೊಂಡರು. "ಹಂಗಾದ್ರ ನಿಮಗ ಗಿರಾಕಿ ತಪ್ಪಂಗಿಲ್ಲ ಬಿಡ್ರಿ ಅಕ್ಕಾರ."

"ತಪ್ಪಾಕತ್ಯಾವ್ರಿ, ಅದಕ್ಕ ಬಂದೀನಿ" ಎಂದೆ.

ಕಲಿಸುವ ಮೇಷ್ಟ್ರು ಒಳ್ಳೆಯವರು, ಆದರೆ ಅವರ ಪಾಠದಲ್ಲಿ ನಮಗೆ ಜಾಗವಿರಲಿಲ್ಲ. ವಿಡಿಯೋದ ಮೊದಲ ಚಿತ್ರದಲ್ಲಿ ನಗುಮುಖ ಇರಬೇಕು, ತೃಪ್ತರಾದ ಗ್ರಾಹಕರಿಂದ ಎರಡು ಮಾತು ಆಡಿಸಬೇಕು, ಕೊನೆಗೆ ಮತ್ತೊಮ್ಮೆ ಬನ್ನಿ ಎನ್ನಬೇಕು. ನಾನು ಎಲ್ಲವನ್ನೂ ಬರೆದುಕೊಂಡೆ, ಬರೆದುಕೊಳ್ಳುವುದು ಪದವೀಧರರ ರೋಗ. ಬೆಳವಣಿಗೆಯ ಕನಸು ಕಾಣಿರಿ ಎಂದರು ಮೇಷ್ಟ್ರು. ಅದನ್ನು ಬರೆಯುವಾಗ ಪೆನ್ನು ನಿಂತಿತು. ನಮ್ಮ ಮನೆಯಲ್ಲಿ ದಿನಾ ದೀಪ ಹಚ್ಚುತ್ತೇವೆ, ಕೈ ಮುಗಿಯುತ್ತೇವೆ. ವ್ಯಾಪಾರ ಹೆಚ್ಚಲಿ ಎಂದು ಇದುವರೆಗೆ ಯಾರೂ ಕೇಳಿಕೊಂಡಿಲ್ಲ. ಕೇಳಿಕೊಳ್ಳುವುದು ಹೇಗೆ? ಬಜ್ಜಿಯವರು ಇಡೀ ಊರಿಗೆ ಹಸಿವಾಗಲಿ ಎಂದು ಬೇಡಬಹುದು.

ಚಾನಲ್ ಶುರುವಾಯಿತು. ಅಪ್ಪನ ಕೈಗಳನ್ನು, ಅತ್ತೆಯ ಹೂವನ್ನು ತುಂಡುತುಂಡಾಗಿ ತೋರಿಸಿದೆ. ನಲವತ್ತು ಜನ ನೋಡಿದರು. ಅದರಲ್ಲಿ ಇಬ್ಬರು ಆಕಾಶದಲ್ಲಿ ಹಾರುವ ವಿಮಾನ ಹುಡುಕಿ ಬಂದವರು, ಟಿಕೆಟ್ ಎಷ್ಟು ಎಂದು ಕೇಳಿದ್ದರು. ಪೂರ್ತಿ ವಿಮಾನ ಕಟ್ಟುವುದನ್ನು ಮೊದಲಿನಿಂದ ಕೊನೆಯವರೆಗೆ ತೋರಿಸಬೇಕು ಎಂದು ನನಗೆ ಹೊಳೆಯಿತು. ಸಾವಿನ ಮನೆಯವರ ಮುಂದೆ ಫೋನು ಹಿಡಿಯುವಷ್ಟು ನಾನಿನ್ನೂ ಕೆಟ್ಟಿರಲಿಲ್ಲ. ಹಾಗಾದರೆ ಯಾರೂ ಸಾಯದ ದಿನ ಕಟ್ಟಬೇಕು.

ಅಪ್ಪ ಒಪ್ಪಲಿಲ್ಲ. "ದಾರ ಇಲ್ಲದ ಬಿದಿರು ಸೀಳಬಾರದವ್ವ."

"ಇದು ಮಾದರಿ ಅಷ್ಟ ಅಪ್ಪ. ಬಿದಿರಿಗೆ ಏನು ಗೊತ್ತಾಕ್ಕತಿ?" ಎಂದೆ. ಮೂಢನಂಬಿಕೆಯ ಬಗ್ಗೆ ಪರೀಕ್ಷೆಯಲ್ಲಿ ಬರೆದ ಪ್ರಬಂಧದ ಎರಡು ಸಾಲನ್ನೂ ಒಪ್ಪಿಸಿದೆ. ಅಪ್ಪ "ಓದಿದಾಕಿ ಹೇಳಾಕತ್ತೀ" ಎಂದು ಮಚ್ಚು ಎತ್ತಿಕೊಂಡ. ಅವನು ಸೋತದ್ದು ನನ್ನ ಮಾತಿಗಲ್ಲ, ಆ ಪದವಿ ಕಾಗದಕ್ಕೆ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ನನ್ನ ತಲೆಗೆ ಹೊಳೆಯದೇ ಹೋದದ್ದು ಪಕ್ಕದ ಮನೆಯ ಬಸಣ್ಣ. ದಮ್ಮಿನಿಂದ ಎರಡು ತಿಂಗಳಾಗಿ ಹಾಸಿಗೆ ಹಿಡಿದಿದ್ದ. ಬೆಳಿಗ್ಗೆ ಬಿದಿರು ಸೀಳಿದ ಸಪ್ಪಳ ಕೇಳಿ ಓಣಿಯವರು ಬೇರೆ ಯಾರನ್ನೂ ಕೇಳಲೇ ಇಲ್ಲ. ನಲ್ಲಿಯ ಹತ್ತಿರ ಕೊಡಗಳು ನಿಂತವು. ಯಾರೋ ಹರಪನಹಳ್ಳಿಗೆ ಫೋನು ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಬಸಣ್ಣನ ಇಬ್ಬರು ಅಳಿಯಂದಿರು ಮೋಟಾರ್ ಸೈಕಲ್ಲಿಗೆ ಹಾರ ಸಿಕ್ಕಿಸಿಕೊಂಡು ಬಂದು ಇಳಿದರು. ಬಸಣ್ಣ ಮಂಚದ ಮೇಲೆ ಕೂತು ಚಹಾ ಕುಡಿಯುತ್ತಿದ್ದ.

ಗೋಡೆ ಹಿಡಿದುಕೊಂಡು ನಮ್ಮ ಅಂಗಳದವರೆಗೆ ಬಂದ. ವಿಮಾನ ಮುಕ್ಕಾಲು ಭಾಗ ಎದ್ದು ನಿಂತಿತ್ತು. "ವೀರಣ್ಣ, ಯಾರಿಗಪಾ ಇದು?"

ಅಪ್ಪ ತಲೆ ಎತ್ತಲಿಲ್ಲ. "ಯಾರಿಗೂ ಅಲ್ಲ ಬಸಣ್ಣ. ಹುಡುಗಿ ವಿಡಿಯೋ ಮಾಡತೀನಂದ್ಲು."

"ಯಾರಿಗೂ ಅಲ್ಲಂದ್ರ ಹೆಂಗ? ಎದ್ದು ನಿಂತ ಮ್ಯಾಲ ಅದು ಯಾರನ್ನರ ಕೇಳತೈತಿ."

ಹಿಂದೆಯೇ ಅವನ ಹೆಂಡತಿ ನೀಲವ್ವ ಬಂದಳು. "ನನ್ನ ಗಂಡನ ಉಸರು ಎಣಸಾಕ ಕುಂತೀರೇನ್ರಿ ನೀವು? ಬಿ.ಎ. ಓದಿ ಇದನ್ನ ಕಲ್ತೇನ ತಂಗಿ?"

ಇಂಗ್ಲಿಷಿನಲ್ಲಿ ಎರಡು ಸಲ ಬಿದ್ದಾಗಲೂ ನಾನು ಅಷ್ಟು ಬಿದ್ದಿರಲಿಲ್ಲ. ಇಡೀ ಓಣಿ ನೋಡುತ್ತಿತ್ತು. ಕಟ್ಟಿದ್ದನ್ನು ಬಿಚ್ಚಿದರೂ ಅಪಶಕುನ, ಬಿಟ್ಟರೂ ಅಪಶಕುನ. ಇನ್ನು ಅಪ್ಪನ ಅಂಗಳಕ್ಕೆ ಯಾರು ದಾರ ತಂದಾರು?

ಆಗ ಹೂವಿನ ಬುಟ್ಟಿ ಹಿಡಿದು ಅತ್ತೆ ಹೊರಗೆ ಬಂದಳು. "ಏ ನೀಲವ್ವ, ಬಾಯಿ ಸಣ್ಣದು ಮಾಡು. ಇದು ನಂದು." ಗೋಡೆಗೆ ಬೆನ್ನು ಕೊಟ್ಟು, ಕಾಲು ಮಡಚಿ ಕೂತಳು. "ತಮ್ಮಾ, ದಾರ ತಾ."

ಅಪ್ಪ ಮಚ್ಚಿನ ಬಾಯಿ ಒರೆಸತೊಡಗಿದ.

"ತಾ ಅಂದೆನಲ್ಲ? ಸತ್ತ ಮ್ಯಾಲ ಅಳತಿ ತಪ್ಪಿತಂದ್ರ ಹೇಳಾಕ ನಾ ಇರಂಗಿಲ್ಲ. ಈಗ ಅಳತಿ ತಗೋ."

ಅಪ್ಪ ಸಾವಿರ ಗಂಟು ಬಿಗಿದವನು. ಆ ಒಂದು ಗಂಟು ಹಾಕಲು ಮೂರು ಸಲ ಬೇಕಾಯಿತು. ಅತ್ತೆ ದಾರವನ್ನು ತನ್ನ ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡು, ಕೊನೆಯ ಹೂವನ್ನೂ ತಾನೇ ಕಟ್ಟಿ, ವಿಮಾನ ಹತ್ತಿ ಕೂತಳು. "ಫೋನು ಹಿಡಿ ಲೇ ಶೈಲೀ, ಹೂ ಬಾಡತಾವ."

ಹಿಡಿದೆ. "ನೋಡ್ರೆಪ್ಪಾ, ನಾನು ಕೊಟ್ರವ್ವ. ಇನ್ನಾ ಜೀವಂತ ಅದೀನಿ" ಎಂದು ಶುರು ಮಾಡಿದಳು. "ಬೆನ್ನಿನ ಹಲಗಿ ಸೊಟ್ಟ ಇದ್ರ ಕುಂತೋರ ತಲಿ ವಾಲತೈತಿ. ವಾಲಿದ್ರ ಮಕ್ಕಳಿಗೆ ನೋಡಾಕ ಸಂಕಟ. ನನ್ನ ತಮ್ಮ ಕಟ್ಟಿದ್ರ ವಾಲಂಗಿಲ್ಲ. ಗಾಜಿನ ಪೆಟಿಗ್ಯಾಗ ಮಲಗಿಸಿದ್ರ ಏನು ಕಾಣತೈತಿ, ಬರೇ ಮುಗಿಲು. ಇದರಾಗ ಕುಂತ್ರ ನಮ್ಮ ಓಣಿ, ನಮ್ಮ ಮಂದಿ, ಎಲ್ಲಾ ನೋಡಿಕೊಂತ ಹೋಗಬಹುದು." ಕೊನೆಗೆ ಮೇಷ್ಟ್ರ ಪಾಠ ನೆನಪಾಗಿ ನಾನು ಕೈಸನ್ನೆ ಮಾಡಿದೆ. ಅವಳು ನನ್ನನ್ನು ಗದರಿದ್ದೂ ವಿಡಿಯೋದಲ್ಲಿದೆ. "ಮತ್ತ ಬರ್ರಿ ಅನ್ನಬಾರದು ಹುಚ್ಚಿ. ಬರೋ ಹೊತ್ತು ಬಂದಾಗ ನಮ್ಮನ್ನ ನೆನಸ್ರಿ, ಅಷ್ಟ."

ಬಸಣ್ಣ ಕೆಮ್ಮು ಬರುವವರೆಗೆ ನಕ್ಕ. ಅಳಿಯಂದಿರು ತಂದ ಹಾರವನ್ನು ಅತ್ತೆಯೇ ಕೇಳಿ ಹಾಕಿಸಿಕೊಂಡಳು, ದಂಡವಾಗುವುದು ಬೇಡವೆಂದು.

ಆ ವಿಡಿಯೋ ಓಡಿತು. ಬೈದವರು ಬೈದರು, ಅತ್ತವರು ಅತ್ತರು. ಹಿರೇಹಡಗಲಿಯಿಂದ, ಹಲವಾಗಲಿನಿಂದ ಫೋನು ಬಂದವು: "ಆ ಅಮ್ಮಾರು ಕುಂತಿದ್ರಲ್ಲ, ಅಂಥದ ಕಟ್ಟಿಕೊಡ್ರಿ." ಅಪ್ಪನ ಕೈಗೆ ಮತ್ತೆ ದಾರಗಳು ಬಂದವು. ತರಬೇತಿಯವರೂ ಒಂದು ಪ್ರಮಾಣಪತ್ರ ಕೊಟ್ಟರು. ಅತ್ತೆ ಅದಕ್ಕೂ ವಿಭೂತಿ ಹಚ್ಚಿದಳು. ತನ್ನ ವಿಮಾನದ ಹೂ, ಕಾಗದ ಮಾತ್ರ ಬಿಚ್ಚಿಸಿ, ಬಿದಿರನ್ನು ಹಾಗೇ ಅಟ್ಟಕ್ಕೆ ಏರಿಸಿದ್ದಳು, "ಇದನ್ನ ಯಾರಿಗೂ ಕೊಡಬ್ಯಾಡ್ರಿ" ಎಂದು.

ನಾಲ್ಕು ತಿಂಗಳು ಹೀಗೇ ನಡೆಯಿತು. ಹೊಳಲಿನಿಂದ ಒಬ್ಬರು ದಾರ ತಂದು ಅಂಗಳದಲ್ಲಿ ನಿಂತಿದ್ದರು. ಅತ್ತೆ ಹೂ ಕಟ್ಟುತ್ತಿದ್ದವಳು ನೀರು ಕೇಳಿದಳು. ತಂಬಿಗೆ ತರುವಷ್ಟರಲ್ಲಿ ಗೋಡೆಗೆ ಒರಗಿದ್ದಳು, ಬೆರಳಲ್ಲಿ ನೂಲು ಹಾಗೇ ಇತ್ತು. ಅಪ್ಪ ಅವಳ ಮೂಗಿನ ಹತ್ತಿರ ಕೈ ಹಿಡಿದು ನೋಡಿ, ಕಣ್ಣು ಮುಚ್ಚಿಸಿ, ನನ್ನ ಕಡೆ ತಿರುಗಿದ. "ಅವರದು ಮೊದಲು ಮುಗಸು. ಅವರ ಮನ್ಯಾಗ ಕಾಯಾಕತ್ಯಾರ."

ಅವಳ ಬೆರಳು ನಿಂತಲ್ಲಿಂದ ನಾನು ಕಟ್ಟಿದೆ. ಹೊಳಲಿನವರು ಹೋದ ಮೇಲೆ ಅಟ್ಟದ ಬಿದಿರು ಇಳಿಸಿದೆವು. ಎಲೆಯಡಿಕೆ ಚೀಲದಿಂದ ದಾರ ತೆಗೆದು ಅಪ್ಪ ಅವಳ ಪಕ್ಕ ಹಿಡಿದ. ಗಂಟು ಅವಳ ನೆತ್ತಿಗಿಂತ ಎರಡು ಬೆರಳು ಮೇಲಿತ್ತು. ಆ ನಾಲ್ಕು ತಿಂಗಳಲ್ಲಿ ಅಷ್ಟು ಕುಗ್ಗಿದ್ದಳು. ಅಪ್ಪ ಗೋಪುರದ ಎತ್ತರ ಕಡಿಮೆ ಮಾಡಲಿಲ್ಲ. "ಇರ್ಲಿ, ಆಕಿ ಕೊಟ್ಟ ಅಳತಿ" ಎಂದ.

ಅವಳ ಕೊನೆಯ ವಿಡಿಯೋ ಯಾಕೆ ಹಾಕಲಿಲ್ಲ ಎಂದು ಚಾನಲ್ಲಿನಲ್ಲಿ ಈಗಲೂ ಕೇಳುತ್ತಾರೆ. ದೊಡ್ಡ ಕಾರಣ ಏನಿಲ್ಲ. ಹೂ ಕಟ್ಟಲು ಒಂದು ಜೊತೆ ಕೈ ಕಡಿಮೆಯಾಗಿದ್ದವು, ಫೋನು ಹಿಡಿಯಲು ಕೈ ಇರಲಿಲ್ಲ. ಅತ್ತೆ ಕೂತುಕೊಂಡು, ನೆಟ್ಟಗೆ, ಓಣಿಯನ್ನೆಲ್ಲ ನೋಡಿಕೊಂಡು ಹೋದಳು. ಬಸಣ್ಣ ಗೋಡೆ ಹಿಡಿದು ತಿರುವಿನವರೆಗೆ ನಡೆದು ಬಂದ.

ತಿಂಗಳಾದ ಮೇಲೆ ಅಪ್ಪ, ನಾನು ಅವಳ ಸಾವನ್ನು ಬರೆಸಲು ಪಟ್ಟಣ ಪಂಚಾಯಿತಿ ಕಚೇರಿಗೆ ಹೋದೆವು. ಅರ್ಜಿಯಲ್ಲಿ ಮೃತರ ಉದ್ಯೋಗ ಎಂಬ ಸಾಲು ಇತ್ತು. ಮನೆಗೆಲಸ ಎಂದು ಬರೀರಿ ಎಂದರು ಪಕ್ಕದಲ್ಲಿದ್ದವರು. ನಾನು ನನ್ನ ಬಿ.ಎ. ಅಕ್ಷರದಲ್ಲಿ, ಗುಂಡಗೆ, ವಿಮಾನಕ್ಕೆ ಹೂ ಕಟ್ಟುವುದು ಎಂದು ಬರೆದು ಕೊಟ್ಟೆ. ಎರಡು ವಾರ ಬಿಟ್ಟು ಬನ್ನಿ ಎಂದರು, ಹೋದೆವು. ಗುಮಾಸ್ತರು ಅತ್ತೆಯ ಮರಣದ ಸರ್ಟಿಫಿಕೇಟಿಗೆ ಮೊಹರು ಒತ್ತಿ, ಮಸಿ ಆರಲೆಂದು ಒಮ್ಮೆ ಗಾಳಿಗೆ ಬೀಸಿ, ಕಿಟಕಿಯಿಂದ ಕೊಟ್ಟರು. ಅಪ್ಪನ ಕೈಗೆ ಕೊಟ್ಟೆ. ಅವನಿಗೆ ಓದಲು ಬರುವುದಿಲ್ಲ. ಅದನ್ನು ಎರಡೂ ಕೈಯಲ್ಲಿ ಹಿಡಿದು, ಅತ್ತೆ ವಿಭೂತಿ ಹಚ್ಚುತ್ತಿದ್ದ ಮೂಲೆಯನ್ನು ಹೆಬ್ಬೆರಳಿಂದ ಸವರಿದ. ಆಮೇಲೆ ಹೇಳಿದ:

"ಪಾಪ, ಇದೊಂದಾದ್ರೂ ಆಕಿ ಅಂದಂಗ ಆತು ಬಿಡು."