ಕೆಂಪು ಚೀಟಿಯ ಬಾಗಿಲು

ನನ್ನ ಚಿಕ್ಕಮ್ಮನ ಬಾಗಿಲಿಗೆ ಕೆಂಪು ಚೀಟಿ ಅಂಟಿಸಿದವರ ಮುಖ ನೆನೆದರೆ ಇವತ್ತಿಗೂ ನನಗೆ ಹೇಸಿಗೆಯಾಗುತ್ತದೆ.

ಚಿಕ್ಕಮ್ಮ ಟೈಲರ್. ಗಂಡ ತೀರಿಕೊಂಡ ಮೇಲೆ ಕಿಟಕಿ ಪಕ್ಕ ಹೊಲಿಗೆ ಮಿಷನ್ ಹಾಕಿಕೊಂಡು ಇಡೀ ಕಟ್ಟಡದ ಬಟ್ಟೆ ಹೊಲಿಯುತ್ತಾಳೆ. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಇರುವವಳು, ಮಾತು ಕಡಿಮೆ. ಒಳಕೋಣೆಯಲ್ಲಿ ಅವಳ ಅತ್ತೆ, ನಾನು ಅಜ್ಜಿ ಎಂದೇ ಕರೆಯುವವಳು, ಸೊಂಟ ಮುರಿದು ಹಾಸಿಗೆ ಹಿಡಿದಿದ್ದಾಳೆ. ಎಲ್ಲವೂ ಹಾಸಿಗೆಯಲ್ಲೇ. ದಿನವೂ ಹಾಸು, ಹೊದಿಕೆ ಒಗೆಯದಿದ್ದರೆ ಬೆನ್ನು ಹುಣ್ಣಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಚಿಕ್ಕಮ್ಮ ಒಂದು ದಿನವೂ ತಪ್ಪಿಸಿದವಳಲ್ಲ.

ಆ ಬೇಸಿಗೆ ಕಟ್ಟಡದ ನೀರಿನ ಟ್ಯಾಂಕು ತಳ ಕಂಡಾಗ ನಿವಾಸಿಗಳ ಸಂಘದ ಕಾರ್ಯದರ್ಶಿಗೆ ಜ್ಞಾನೋದಯವಾಯಿತು. ಮನೆಮನೆಗೂ ಮೀಟರ್ ಕೂರಿಸಿದ. ತಿಂಗಳ ಕೊನೆಗೆ ಅಂಕಿಅಂಶ ತೆಗೆದು, ಮಿತವಾಗಿ ಬಳಸಿದವರ ಬಾಗಿಲಿಗೆ ಹಸಿರು ಚೀಟಿ, ಮಿತಿ ಮೀರಿದವರಿಗೆ ಕೆಂಪು. ಮನೆಯಲ್ಲಿ ಕಾಯಿಲೆಯವರು ಇದ್ದಾರಾ ಎಂದು ಕೇಳುವ ಕಾಲಂ ಆತನ ಕಂಪ್ಯೂಟರಿನಲ್ಲಿ ಇರಲಿಲ್ಲ.

"ಜನ ದಂಡಕ್ಕೆ ಹೆದರಲ್ಲ, ಪಕ್ಕದ ಮನೆಯವರಿಗೆ ಹೆದರ್ತಾರೆ" ಎಂದು ಸಭೆಯಲ್ಲಿ ಬೀಗಿದ. ಆತ ಹೇಳಿದ್ದರಲ್ಲಿ ಅದೊಂದೇ ನಿಜ.

ಕೆಂಪು ಬಿದ್ದದ್ದು ಚಿಕ್ಕಮ್ಮನ ಬಾಗಿಲಿಗೆ ಮಾತ್ರ. ಉಳಿದವರೆಲ್ಲ ರಾತ್ರೋರಾತ್ರಿ ಸಾಧುಗಳಾಗಿದ್ದರು. ಹೇಗೆ ಅಂತೀರಾ? ಕಾರು ನಿಲ್ಲಿಸುವಲ್ಲಿ ಗಿಡಗಳಿಗೆಂದು ಇಟ್ಟ ನಲ್ಲಿಗೆ ಮೀಟರ್ ಇಲ್ಲ. ಬೆಳಕು ಹರಿಯುವ ಮೊದಲೇ ಅಲ್ಲಿ ಬಕೆಟ್‌ಗಳ ಸಾಲು. ಕಾರ್ಯದರ್ಶಿಯ ಹೆಂಡತಿಯದ್ದು ಮುಚ್ಚಳವಿರುವ ಬಕೆಟ್, ಮರ್ಯಾದಸ್ಥರಲ್ಲವೇ! ಟ್ಯಾಂಕು ಮೊದಲಿಗಿಂತ ಬೇಗ ಬರಿದಾಗುತ್ತಿತ್ತು. ಬೈಗುಳ ಮಾತ್ರ ಚಿಕ್ಕಮ್ಮನಿಗೆ. ಅವಳೇ ಹೊಲಿದುಕೊಟ್ಟ ಬಟ್ಟೆ ಹಾಕಿಕೊಂಡು ಲಿಫ್ಟಿನಲ್ಲಿ ಅವಳಿಗೇ ಮುಖ ತಿರುಗಿಸುತ್ತಿದ್ದರು. ಥೂ, ನಾಚಿಕೆಗೆಟ್ಟವರು.

"ನೀನೂ ಅಲ್ಲಿಂದ ತಂದ್ಕೋ ಚಿಕ್ಕಮ್ಮ, ನಾನೇ ಹೊತ್ತು ತರ್ತೀನಿ" ಅಂದೆ.

ಅವಳು ಗುಂಡುಸೂಜಿ ತುಟಿಯಿಂದ ತೆಗೆದಳು. "ಬೇಡ ಕಣೇ. ನಾನೂ ಅಲ್ಲಿ ಸಾಲಲ್ಲಿ ನಿಂತ್ರೆ ಅವರನ್ನ ಬೈಯೋದು ಯಾರು?"

ಒಂದು ದಿನ ಎದುರು ಮನೆಯಾಕೆ ಬಾಗಿಲಲ್ಲೇ ನಿಂತು, "ನಿಮ್ಮ ಒಂದು ಮನೆಯಿಂದ ನಮಗೆಲ್ಲ ನೀರಿಲ್ಲ" ಎಂದು ಕೂಗಾಡಿ ಹೋದಳು. ಅವಳ ತಲೆಗೂದಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಕೂಗು ಒಳಕೋಣೆಗೂ ಕೇಳಿಸಿತು.

ಅಂದಿನಿಂದ ಅಜ್ಜಿಯ ಹಾಸು ಹೆಚ್ಚಾಗಿ ಒಣಗಿಯೇ ಇರತೊಡಗಿತು, ಒಗೆಯುವ ರಾಶಿಯೂ ಸಣ್ಣದಾಯಿತು. "ಹೊಸ ಮಾತ್ರೆ ಹಿಡಿಸ್ತಾ ಇದೆ" ಎಂದು ಚಿಕ್ಕಮ್ಮ ಖುಷಿಪಟ್ಟಳು. ಲೋಟ ಕೊಟ್ಟರೆ ಅಜ್ಜಿ ತುಟಿ ಒದ್ದೆ ಮಾಡಿಕೊಂಡು, "ಆಮೇಲೆ ಕುಡೀತೀನಿ, ಅಲ್ಲೇ ಇಡು" ಅನ್ನುತ್ತಿದ್ದಳು. ತುಟಿ ಬಿರಿದದ್ದು ಸೆಕೆಗೆ ಅಂದುಕೊಂಡೆವು.

ಆ ತಿಂಗಳ ಕೊನೆಗೆ ಕಾರ್ಯದರ್ಶಿ ಹಲ್ಲು ಕಿರಿಯುತ್ತಾ ಬಂದ. ತಾನೇ ಕೆಂಪು ಕಿತ್ತು ಹಸಿರು ಅಂಟಿಸಿ, ಸಂಘದ ವಾಟ್ಸಾಪ್ ಗ್ರೂಪಿಗೆ ಹಾಕಲು ಫೋಟೋ ತೆಗೆಯಬೇಕೆಂದು ಮೊಬೈಲ್ ಎತ್ತಿದ. "ನೋಡಿ ಮೇಡಂ, ಮನಸ್ಸು ಮಾಡಿದ್ರೆ ಆಗುತ್ತೆ."

ಒಳಗಿನಿಂದ ಅಜ್ಜಿಯ ಸಣ್ಣ ದನಿ. "ಯಾವ ಬಣ್ಣ ಬಂತೇ?"

"ಹಸಿರು ಅತ್ತೆ."

"ಸದ್ಯ. ಹಾಗಾದ್ರೆ ಇನ್ಮೇಲೆ ನೀರು ಕುಡೀಬಹುದಾ?"

ಚಿಕ್ಕಮ್ಮ ಒಳಗೆ ಓಡಿದಳು. ಅಜ್ಜಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಗಟಗಟ ಕುಡಿದಳು, ಇನ್ನೊಂದು ಕೇಳಿದಳು, ಅರ್ಧಕ್ಕೇ ನಿಲ್ಲಿಸಿ "ಹಾಸು ಒದ್ದೆಯಾಗುತ್ತೆ ಕಣೇ" ಅಂದಳು.

"ಆಗ್ಲಿ ಅತ್ತೆ, ಕುಡೀರಿ."

ಆಮೇಲೆ ಹೊರಗೆ ಬಂದು ಹಸಿರು ಚೀಟಿಯನ್ನು ಕಿತ್ತು ಆತನ ಕೈಗಿಟ್ಟಳು.

"ಇದನ್ನ ಕೆಳಗಿನ ಗಿಡದ ನಲ್ಲಿಗೆ ಅಂಟಿಸಿ. ನಮ್ಮ ಕೆಂಪು ನಮಗೆ ವಾಪಸ್ ಕೊಡಿ."