ವಸ್ತಾದ ಕೊಟ್ಟ ಹಾಲು

ಹುಕ್ಕೇರಿಯ ತಾಲೀಮಿನೊಳಗೆ, ಆ ಕುಸ್ತಿಯ ಗರಡಿಮನೆಯೊಳಗೆ, ಊರ ಹೊರಗಿನ ಕೇರಿಯವರು ಯಾರೂ ಕಾಲಿಟ್ಟಿರಲಿಲ್ಲ. ಆ ಕೇರಿಯ ಸತ್ತೆಪ್ಪನನ್ನು ಮೊದಲು ಒಳಗೆ ಕರೆದುಕೊಂಡು ಹೋದವನು ಕುಸ್ತಿ ಕಲಿಸುವ ಲಕ್ಕಪ್ಪ ವಸ್ತಾದ. ಸ್ವಾತಂತ್ರ್ಯ ಬಂದ ಹೊಸದು. ಕೆಸರಿನಲ್ಲಿ ಹೂತ ಚಕ್ಕಡಿಯನ್ನು ಸತ್ತೆಪ್ಪ ಒಬ್ಬನೇ ಬೆನ್ನು ಕೊಟ್ಟು ಎತ್ತಿದ್ದನ್ನು ಲಕ್ಕಪ್ಪ ಕಂಡ. ಹತ್ತಿರ ಬಂದು ಅವನ ತೋಳು ಮುಟ್ಟಿ ನೋಡಿ, "ನಾಳೆ ಮುಂಜಾನೆ ತಾಲೀಮಿಗೆ ಬಾ" ಎಂದ. ಕೆಲವರು ತಕರಾರು ತೆಗೆದಾಗ, "ಇವ ನನ್ನ ಶಿಷ್ಯ. ಒಲ್ಲದವರು ಬರಬ್ಯಾಡ್ರಿ" ಎಂದಷ್ಟೇ ಹೇಳಿದ.

ತಂದೆಯಿಲ್ಲದೆ ಬೆಳೆದ ಸತ್ತೆಪ್ಪನಿಗೆ ಆ ಮಾತಿನ ಮುಂದೆ ಬೇರೆ ಏನೂ ಬೇಕಿರಲಿಲ್ಲ. ಕಸರತ್ತು ಮುಗಿದ ಮೇಲೆ ವಸ್ತಾದ ತಾನೇ ಬದಾಮಿ ಹಾಲು ಕಾಯಿಸಿ ಅವನ ಕೈಗೆ ಲೋಟ ಕೊಡುತ್ತಿದ್ದ. ಊರೊಳಗಿನ ಮನೆಗಳವರು ಅಲ್ಲಿಯವರೆಗೆ ಅವನಿಗೆ ನೀರನ್ನೂ ಮೇಲಿನಿಂದಲೇ ಸುರಿದವರು. ಅವನ ತಾಯಿ ಕಾಡವ್ವ ಇದನ್ನು ನಂಬಲಿಲ್ಲ. "ಲೋಟ ಕೈಯಾಗ ಕೊಟ್ನಾ?" ಎಂದು ಮತ್ತೆ ಮತ್ತೆ ಕೇಳಿದಳು.

ಸಂಕೇಶ್ವರ, ನಿಪ್ಪಾಣಿ ಕಣಗಳಲ್ಲಿ ಸತ್ತೆಪ್ಪನ ಹೆಸರಾಯಿತು. ಕೊಲ್ಲಾಪುರದ ದೊಡ್ಡ ಕುಸ್ತಿ ಹತ್ತಿರ ಬಂದಾಗ ಭುಜ ಉಳುಕಿತು. ಕೈ ಮೇಲೆತ್ತಲು ಬರಲಿಲ್ಲ. ವಸ್ತಾದ ಹಾಲು ಕೊಟ್ಟು, "ಒಂದು ಬೇರು ತೇಯ್ದು ಹಾಕೇನಿ, ಕುಡಿ" ಎಂದ. ಹಾಲು ಸ್ವಲ್ಪ ಕಹಿಯಿತ್ತು. ನೋವು ಹೋಯಿತು, ಕುಸ್ತಿಯೂ ಗೆದ್ದ. ಆಮೇಲೆ ಹಾಲು ಯಾವತ್ತೂ ಸ್ವಲ್ಪ ಕಹಿಯಾಗಿಯೇ ಇರುತ್ತಿತ್ತು. ಅವನು ಏನೂ ಕೇಳಲಿಲ್ಲ.

ಕೆಲವು ವರ್ಷಗಳ ಮೇಲೆ ಲಕ್ಕಪ್ಪ ಪಂಢರಪುರಕ್ಕೆ ನಡೆದು ಹೋದ. ಅವನು ಹೋದ ಮೂರ್ನಾಲ್ಕು ದಿನಕ್ಕೆ ಸತ್ತೆಪ್ಪ ಹಾಸಿಗೆ ಹಿಡಿದ. ಕಣ್ಣು ಮೂಗಿನಿಂದ ನೀರು, ಬಿಡದ ಆಕಳಿಕೆ, ಹೊಟ್ಟೆ ಜಾಡಿಸುವ ಭೇದಿ, ಕಾಲಿನ ಎಲುಬುಗಳನ್ನು ಯಾರೋ ಹಿಂಡಿದಂಥ ನೋವು. ಹೆಂಡತಿ ಉದ್ದವ್ವ ಅವನನ್ನು ಸಂಕೇಶ್ವರದ ಡಾಕ್ಟರ ಬಳಿ ಕರೆದೊಯ್ದಳು. ಡಾಕ್ಟರು ಅವನ ಕಣ್ಣು ಅಗಲಿಸಿ ನೋಡಿದರು.

"ಎಷ್ಟು ದಿನದಿಂದ ಅಫೀಮು ತಗೊಳ್ಳಾಕತ್ತಿ?"

"ನಾ ಬೀಡಿ ಸೈತ ಮುಟ್ಟಿದಾವ ಅಲ್ರಿ."

"ಹಂಗಾದ್ರ ಯಾರ ಕೈಯಾಗಿಂದ ಏನು ಕುಡೀತಿ?"

"ವಸ್ತಾದರು ಹಾಲು ಕೊಡ್ತಾರ್ರಿ" ಎಂದವಳು ಉದ್ದವ್ವ.

ಸತ್ತೆಪ್ಪ ನಂಬಲಿಲ್ಲ. ಡಾಕ್ಟರ ಮೇಲೂ, ಹೆಂಡತಿಯ ಮೇಲೂ ಸಿಟ್ಟಾದ. ವಸ್ತಾದ ತಿರುಗಿ ಬಂದ ದಿನವೇ ತಾಲೀಮಿಗೆ ಹೋಗಿ ಬಾಗಿಲಲ್ಲಿ ನಿಂತ.

"ಹಾಲಿನ್ಯಾಗ ಅಫೀಮು ಹಾಕತಿದ್ರೇನ್ರಿ?"

"ಹಾಕತಿದ್ದೆ. ಭುಜಾ ಹಿಡ್ಕೊಂಡು ಮನ್ಯಾಗ ಕುಂತಿದ್ರ ಕೊಲ್ಲಾಪುರದಾಗ ನಿನ್ನ ಹೆಸರು ಆಗತಿತ್ತೇನು?"

"ಉಳಿದವರಿಗೂ ಹಾಕೀರೇನ್ರಿ?"

ಲಕ್ಕಪ್ಪ ಒಲೆಯ ಕಡೆ ತಿರುಗಿದ. "ಅವರಿಗೆ ಹಾಕಿದ್ರ ಅವರ ಅಪ್ಪಂದಿರು ಬಂದು ಕೇಳತಾರ" ಎಂದ.

ಎಲ್ಲರನ್ನೂ ಬಿಟ್ಟು ತನ್ನನ್ನು ಆರಿಸಿಕೊಂಡದ್ದು ಯಾಕೆಂದು ಸತ್ತೆಪ್ಪನಿಗೆ ಈಗ ಗೊತ್ತಾಯಿತು. ವಸ್ತಾದ ಹಾಲು ಹೊಯ್ದು ಕೈ ಚಾಚಿದ. ಸತ್ತೆಪ್ಪ ಎಲ್ಲ ಗೊತ್ತಿದ್ದೂ ಕುಡಿದ. ಆ ಹಾಲು ಕುಡಿದದ್ದಕ್ಕೆ ಅವನು ತನ್ನನ್ನು ತಾನು ಕೊನೆಯವರೆಗೂ ಕ್ಷಮಿಸಲಿಲ್ಲ.

ಸತ್ತೆಪ್ಪ ಅಫೀಮಿಗೆ ಬಿದ್ದ ಸುದ್ದಿ ಹಬ್ಬಿತು. ಮನಸ್ಸು ಗಟ್ಟಿ ಇಲ್ಲ ಎಂದರು ಕೇರಿಯ ಹಿರಿಯರು. ಆ ಜನದ ರಕ್ತವೇ ಅಂಥದು ಎಂದರು ಊರೊಳಗಿನವರು. ಲೋಟದಲ್ಲಿ ಏನಿತ್ತು ಎಂದು ಕೇಳಿದವರು ಕಡಿಮೆ. ಉದ್ದವ್ವ ಮತ್ತೆ ಡಾಕ್ಟರ ಬಳಿ ಹೋಗಿ, "ಗೊತ್ತಾದ ಮ್ಯಾಲೂ ಯಾಕ ಕುಡೀತಾನ್ರಿ?" ಎಂದು ಅತ್ತಳು.

"ಮೈಗೆ ಹತ್ತಿದ್ದು ಸ್ವಲ್ಪ ದಿನಕ್ಕ ಇಳೀತೈತಿ, ತಂಗಿ" ಎಂದರು ಅವರು. "ಆದ್ರ ಆ ಜಾಗಾ, ಆ ಮಣ್ಣಿನ ವಾಸನಿ, ಆ ಮನಿಷ್ಯಾ, ಎಲ್ಲಾ ಅದರ ಜೋಡಿ ಗಂಟು ಬಿದ್ದಾವು. ಆ ಹಾಲಿನ್ಯಾಗ ಅವಗ ಎಲ್ಲೂ ಸಿಗದ ಮರ್ಯಾದಿನೂ ಇತ್ತು. ಬರೇ ಅಫೀಮು ಆಗಿದ್ರ ಬಿಡಸೂದು ಹಗುರ ಇತ್ತು. ಮೊದಲು ಊರು ಬಿಡಸು."

ಉದ್ದವ್ವ ಅವನನ್ನು ಕಲ್ಲೋಳಿಯ ನಾದಿನಿ ಸೀತವ್ವನ ಮನೆಗೆ ಕರೆದೊಯ್ದಳು. ಮೊದಲ ದಿನಗಳಲ್ಲಿ ಇಬ್ಬರೂ ಹೆಂಗಸರು ಬಾಗಿಲಿಗೆ ಅಡ್ಡ ಕುಳಿತರು. ಅವನು ಬೈದ, ಕಾಲು ಹಿಡಿದ, ಗೋಡೆಗೆ ತಲೆ ಚಚ್ಚಿಕೊಂಡ. ಆಮೇಲೆ ಅಫೀಮಿನ ಸೆಳೆತ ಜ್ವರ ಬಿಟ್ಟಂತೆ ಇಳಿಯಿತು. ಬೆಲ್ಲದ ಗಾಣದಲ್ಲಿ ಕೊಪ್ಪರಿಗೆ ಕಾಯುವ ಕೆಲಸ ಹಿಡಿದ. ಗೆದ್ದೆನೆಂದುಕೊಂಡು ವರ್ಷದ ಮೇಲೆ ತಾಯಿಯನ್ನು ಕರೆತರಲು ಹುಕ್ಕೇರಿಗೆ ಹೋದ. ತಾಲೀಮಿನ ಮುಂದೆ ಎಣ್ಣೆ ಮಜ್ಜಿಗೆ ಕಲಸಿದ ಕೆಂಪು ಮಣ್ಣಿನ ವಾಸನೆ ಬಂದದ್ದೇ ತಡ, ಮೂಗಿನಿಂದ ನೀರು ಇಳಿಯಿತು, ಕಾಲುಗಳು ಸೆಳೆಯತೊಡಗಿದವು. ಕಾಡವ್ವನ ಸೆರಗು ಹಿಡಿದುಕೊಂಡು ಬಸ್ ಸ್ಟ್ಯಾಂಡಿಗೆ ಬಂದ. ಮತ್ತೆ ಆ ಊರಿಗೆ ಕಾಲಿಡಲಿಲ್ಲ.

ಅರವತ್ತರ ದಶಕ ಶುರುವಾದ ಮೇಲೆ ಲಕ್ಕಪ್ಪ ಸತ್ತ ಸುದ್ದಿ ಕಲ್ಲೋಳಿಗೆ ಬಂತು. ಸತ್ತೆಪ್ಪ ಗಾಣ ಬಿಟ್ಟು, ತಲೆಗೆ ಬಿಳಿ ಪಟಕಾ ಸುತ್ತಿಕೊಂಡು, ಯಾರಿಗೂ ಹೇಳದೆ ಹೊರಟ. ಸಂಜೆಗೆ ಮನೆಗೆ ಬಂದು ಗೋಡೆಗೆ ಒರಗಿ ಕುಳಿತ.

"ಮಣ್ಣು ಕೊಟ್ಟು ಬಂದ್ರೇನು?" ಎಂದಳು ಉದ್ದವ್ವ.

"ಗೋಕಾಕದಾಗ ಇಳಿದು ತಿರುಗಿ ಬಂದೆ."

"ಯಾಕ?"

"ಅವನ ಮಾರಿ ನೋಡಿದ್ರ ಅಳು ಬರ್ತಿತ್ತು" ಎಂದ ಸತ್ತೆಪ್ಪ. "ಅವನ ಸಲುವಾಗಿ ಅಳಬಾರದಂತ ಬಂದೆ."