ಗಂಗಾಧರಯ್ಯನವರ ಮೋಟಾರಿಗೊಂದು ಬೊಟ್ಟು

ಗೊಟ್ಟಿಗೆರೆಯ ಗಂಗಾಧರಯ್ಯನವರ ಹೊಲ ಲೇಔಟ್ ಆಗಿ, ಅಲ್ಲಿ ಮೂರಂತಸ್ತಿನ ಮನೆ ಎದ್ದು, ಬಾಡಿಗೆ ತಾನಾಗಿ ಬರತೊಡಗಿದ ಮೇಲೆ ಅವರ ಕೈಗೆ ಕೆಲಸವೇ ಇಲ್ಲವಾಯಿತು. ಹೊಲ ಇದ್ದಾಗ ಊರಿನ ಪಂಪ್‌ಸೆಟ್ಟುಗಳೆಲ್ಲ ಅವರ ಕೈಯಲ್ಲಿ ಬಿಚ್ಚಿಸಿಕೊಂಡೇ ಬದುಕಿದ್ದವು. ಈಗ ಬಿಚ್ಚಲು ಏನೂ ಸಿಗದೆ ಅಡುಗೆಮನೆಯ ಮಿಕ್ಸಿಯ ಮೇಲೆ ಕಣ್ಣು ಹಾಕಿದರು. ಹೆಂಡತಿ ಅಕ್ಕಯಮ್ಮ ಮಿಕ್ಸಿಯನ್ನು ಬೀರುವಿಗೆ ಸೇರಿಸಿ ಬೀಗ ಹಾಕಿದರು.

ತೊಂಬತ್ತೇಳರಲ್ಲಿ ಒಂದು ಭಾನುವಾರ ಗುಜರಿ ಬಜಾರಿಗೆ ಹೋದವರು ಉದ್ದ ಕಾಲಿನ, ಕೆಳಗೆ ರೆಕ್ಕೆ ಇರುವ ಹಳೇ ಯಂತ್ರವೊಂದನ್ನು ಆಟೋದಲ್ಲಿ ಹೇರಿಕೊಂಡು ಬಂದರು. ಬಾವಿಗೆ ಇಳಿಬಿಡುವ ಯಾವುದೋ ಫಾರಿನ್ ಪಂಪು ಅಂತ ಅವರ ಅಂದಾಜು. ನೀರು ಹೊರಗೆ ಬರುವ ಬಾಯಿ ಎಲ್ಲಿ ಅಂತ ಹುಡುಕಿ ಹುಡುಕಿ ಸೋತರು. ಮೇಲಿನ ಮನೆಯ ಬಾಡಿಗೆದಾರ, ಗದಗಿನ ಕಡೆಯ ಸಿದ್ದಾರೂಢ, ಆಫೀಸಿನಿಂದ ಬಂದವನು ಬಗ್ಗಿ ನೋಡಿದ.

"ಇದು ಪಂಪ್ ಅಲ್ರೀ ಯಜಮಾನ್ರ. ದೋಣಿ ಹಿಂದ ಕಟ್ತಾರಲ್ರೀ, ಆ ಮೋಟಾರು. ಕಾರವಾರದಾಗ ನೋಡೇನಿ."

ದೋಣಿಯೇ ಇಲ್ಲದ ಊರಿಗೆ ದೋಣಿ ಮೋಟಾರು! ಬೇರೆ ಯಾರಾದರೂ ಆಗಿದ್ದರೆ ಮರುದಿನವೇ ವಾಪಸ್ ಕೊಟ್ಟು ಬರುತ್ತಿದ್ದರು. ಗಂಗಾಧರಯ್ಯ ಖುಷಿಯಾಗಿ ಪೂರ್ತಿ ಬಿಚ್ಚಿ ಹರಡಿದರು. ತುಕ್ಕು ಉಜ್ಜಿದರು. ಅಕ್ಕಯಮ್ಮನವರ ಹಲ್ಲುಜ್ಜುವ ಬ್ರಷ್ಷಿನಿಂದ ಕಾರ್ಬುರೇಟರ್ ತಿಕ್ಕಿದರು. ಹಿತ್ತಾಳೆಯ ಪೆಟ್ರೋಲ್ ಟ್ಯಾಂಕನ್ನು ಹುಣಸೆಹಣ್ಣು ಹಾಕಿ ದೇವರ ದೀಪದ ಹಾಗೆ ಬೆಳಗಿದರು. ಆ ವಾರ ಮನೆಯಲ್ಲಿ ಸಾರು ಸಪ್ಪೆ. ಸಿಗದ ಪಾರ್ಟಿನ ಜಾಗಕ್ಕೆ ಸ್ಕೂಟರಿನದೋ ಪಂಪ್‌ಸೆಟ್ಟಿನದೋ ತಂದು, ಅರ ಹಾಕಿ ಸವೆಸಿ ಕೂರಿಸಿದರು. ಅಂಗಳದ ನೀರಿನ ಡ್ರಮ್ಮಿನ ಅಂಚಿಗೆ ಮೋಟಾರನ್ನು ಬಿಗಿದು, ಮೇಲಿನ ಚಕ್ರಕ್ಕೆ ಹಗ್ಗ ಸುತ್ತಿ ಎಳೆಯುವುದರಲ್ಲೇ ವರ್ಷಗಳು ಹೋದವು. ಒಂದು ಬೆಳಿಗ್ಗೆ ಅದು ಕೆಮ್ಮಿ, ಹೊಗೆ ಉಗುಳಿ, ಗುಡುಗುಡು ಅಂತ ಓಡಿಯೇಬಿಟ್ಟಿತು. ಡ್ರಮ್ಮಿನ ಅರ್ಧ ನೀರು ಒಣಹಾಕಿದ್ದ ಸೀರೆಗಳ ಮೇಲೆ ಬಿತ್ತು.

ಅದನ್ನು ನಿಲ್ಲಿಸಲು ಸ್ವಿಚ್ಚಿಲ್ಲ, ಗೇರಿಲ್ಲ. ಪೆಟ್ರೋಲಿನ ನಲ್ಲಿ ಯಾವ ಕಾಲಕ್ಕೋ ಮುರಿದಿತ್ತು. ಗಂಗಾಧರಯ್ಯ ತಮ್ಮದೇ ಒಂದು ಉಪಾಯ ಮಾಡಿಕೊಂಡರು: ಮೋಟಾರು ಗಾಳಿ ಎಳೆಯುವ ಬಾಯಿಗೆ ಒದ್ದೆ ಗೋಣಿಚೀಲ ಒತ್ತುವುದು. ಉಸಿರು ಕಟ್ಟಿ ಅದು ಸುಮ್ಮನಾಗುತ್ತಿತ್ತು.

ಊರವರು ನಕ್ಕರೆ ಅವರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನೋಯುತ್ತಿದ್ದದ್ದು ಆಯುಧಪೂಜೆಯ ದಿನ. ಅಕ್ಕಯಮ್ಮ ಕುಂಕುಮದ ತಟ್ಟೆ ಹಿಡಿದು ಮನೆಯೆಲ್ಲ ಸುತ್ತುವರು. ಕುಡುಗೋಲು, ಈಳಿಗೆಮಣೆ, ಮಿಕ್ಸಿ, ಸ್ಕೂಟರು, ಸಿದ್ದಾರೂಢನ ಕಂಪ್ಯೂಟರಿಗೂ ಬೊಟ್ಟು. ಮೋಟಾರಿನ ಹತ್ತಿರ ಬಂದರೆ ತಟ್ಟೆ ಪಕ್ಕಕ್ಕೆ ತಿರುಗುತ್ತಿತ್ತು.

"ಇದಕ್ಕೂ ಒಂದು ಬೊಟ್ಟು ಇಡೇ," ಎನ್ನುವರು ಗಂಗಾಧರಯ್ಯ.

"ಡ್ರಮ್ಮಲ್ಲಿ ನೀರು ಕಡೆಯೋದಕ್ಕೆಲ್ಲ ಇಡಕ್ಕಾಗಲ್ಲ. ಪೂಜೆ ದುಡಿಯೋ ಯಂತ್ರಕ್ಕೆ. ಕೆರೇಲಿ ಓಡಿಸಿ ತೋರ್ಸಿ, ಇಡ್ತೀನಿ."

ಎರಡು ಸಾವಿರದ ಮೂರರ ಗಣೇಶನ ಹಬ್ಬಕ್ಕೆ ಆ ಅವಕಾಶ ಬಂತು. ಬೀದಿಯ ಗಣಪತಿಯನ್ನು ಕೆರೆಯ ನಡುವೆ ಬಿಡಲು ಪ್ರತಿ ವರ್ಷ ಖಾಲಿ ಡ್ರಮ್ಮುಗಳ ಮೇಲೆ ಹಲಗೆ ಕಟ್ಟಿ ತೆಪ್ಪ ಮಾಡಿ, ಬಿದಿರಿನ ಗಳುವಿನಿಂದ ನೂಕುತ್ತಿದ್ದರು. ಈ ಸಲ ಗಂಗಾಧರಯ್ಯ ಬೀದಿಯವರ ಬೆನ್ನು ಬಿದ್ದು ಒಪ್ಪಿಸಿ, ತೆಪ್ಪದ ಒಂದು ಮೂಲೆಗೆ ಮೋಟಾರು ಬಿಗಿದರು. ಮೂರು ಸುತ್ತು ಹಾಕಿ, ನಿಲ್ಲಿಸಿ, ದೇವರನ್ನು ಬಿಡುವುದೆಂದು ಮಾತಾಯಿತು. ಹೊರಡುವ ಮುಂಚೆ ಮಂಗಳಾರತಿಗೆ ಬಂದ ಅಕ್ಕಯಮ್ಮನವರಿಗೆ ಗಣಪತಿಯ ಕಾಲ ಬಳಿ ಕರಿ ಎಣ್ಣೆ ಮೆತ್ತಿದ ಗೋಣಿಚೀಲ ಕಂಡಿತು. "ದೇವ್ರ ಪಕ್ಕ ಇದೇನು ಗಲೀಜು!" ಎಂದು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ದಡಕ್ಕೆ ಹೋದರು. ಹಗ್ಗ ಸುತ್ತುವ ಸಡಗರದಲ್ಲಿದ್ದ ಗಂಗಾಧರಯ್ಯ ನೋಡಲಿಲ್ಲ.

ಮೊದಲ ಎಳೆತಕ್ಕೇ ಮೋಟಾರು ಹಿಡಿಯಿತು. ತೆಪ್ಪ ನೀರು ಸೀಳಿಕೊಂಡು ಹೊರಟಿತು. ದಡದಲ್ಲಿ ಶಿಳ್ಳೆ, ತಮಟೆ, ಜೈಕಾರ. ಮೂರು ಸುತ್ತು ಭರ್ಜರಿಯಾಗಿ ಆಯಿತು. ಆಮೇಲೆ ಗಂಗಾಧರಯ್ಯ ಗೋಣಿಚೀಲಕ್ಕೆ ಕೈ ಚಾಚಿದರು. ಚೀಲ ಇಲ್ಲ. ಡ್ರಮ್ಮಿನಲ್ಲಿ ಗೋಣಿಚೀಲವನ್ನೇ ನಂಬಿ ಓಡಿಸಿದ ಕೈಗೆ ಬೇರೆ ಉಪಾಯ ಹೊಳೆಯಲೇ ಇಲ್ಲ. ಮೂಲೆಗೆ ಕಟ್ಟಿದ ಮೋಟಾರು ತೆಪ್ಪವನ್ನು ಬುಗುರಿಯಂತೆ ಸುತ್ತಿಸುತ್ತಲೇ ಇತ್ತು.

"ಯಜಮಾನ್ರ, ಗಣಪ್ಪಗ ತಲಿ ತಿರುಗ್ತೈತ್ರೀ! ಸಾಕ್ ಮಾಡ್ರೀ!" ಎಂದು ಸಿದ್ದಾರೂಢ ದಡದಿಂದ ಕೂಗಿದ. ಎಲ್ಲರ ಜೊತೆ ಅಕ್ಕಯಮ್ಮನೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಾ ಕಂಕುಳ ಕಡೆ ನೋಡಿಕೊಂಡವರು ಚೀಲವನ್ನು ತಟಕ್ಕನೆ ಸೆರಗಿನಡಿಗೆ ಸೇರಿಸಿದರು.

ಪೆಟ್ರೋಲು ಮುಗಿದ ಮೇಲೇ ತೆಪ್ಪ ನಿಂತದ್ದು. ಗಣಪತಿಯನ್ನು ಬಿಟ್ಟು, ಗಳುವಿನಿಂದ ನೂಕಿಕೊಂಡು ವಾಪಸ್ ಬಂದರು. ಅಂದಿನಿಂದ ಟೀ ಅಂಗಡಿಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ: "ಏನ್ ಗಂಗಾಧರಣ್ಣ, ಮುಂದಿನ ವರ್ಷ ಎಷ್ಟು ಸುತ್ತು?" ಯಾವ ನಗೆಗೂ ಬಗ್ಗದ ಮನುಷ್ಯ ಈ ಸಲ ಕುಗ್ಗಿಹೋದರು. ದಸರಾ ಕಳೆದ ಮೇಲೆ ಗುಜರಿಗೆ ಕೊಟ್ಟುಬಿಡುವುದೆಂದು ಮೋಟಾರನ್ನು ಗೇಟಿನ ಪಕ್ಕ ಒರಗಿಸಿದರು.

ಆಯುಧಪೂಜೆ ಬಂತು. ಅಕ್ಕಯಮ್ಮ ತಟ್ಟೆ ಹಿಡಿದು ಹೊರಟರು. ಗಂಗಾಧರಯ್ಯ ನೋಡಲಾರದೆ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. ಗೆಜ್ಜೆಯ ಸದ್ದು ಗೇಟಿನ ಹತ್ತಿರ ಹೋಗಿ ನಿಂತಿತು. ತಲೆ ಎತ್ತಿದರೆ, ಹಿತ್ತಾಳೆಯ ಟ್ಯಾಂಕಿನ ಮೇಲೆ ದೊಡ್ಡ ಕುಂಕುಮದ ಬೊಟ್ಟು. ಗಾಲಿ ಇಲ್ಲದ ಯಂತ್ರಕ್ಕೆ ನಿಂಬೆಹಣ್ಣು ಎಲ್ಲಿಡುವುದೆಂದು ಅಕ್ಕಯಮ್ಮ ಒಂದು ಗಳಿಗೆ ಹುಡುಕಿ, ರೆಕ್ಕೆಯ ಕೆಳಗೆ ಇಟ್ಟರು.

"ನಗೆಪಾಟಲಾದ ಯಂತ್ರ ಅದು. ಅದಕ್ಯಾಕೆ?" ಎಂದರು ಗಂಗಾಧರಯ್ಯ.

"ಓಡಿಸಿ ತೋರ್ಸಿ ಅಂದಿದ್ದೆ, ತೋರ್ಸಿದ್ರಿ. ನಿಲ್ಲದೇ ಇದ್ದದ್ದು ನನ್ನಿಂದ."

ಅಕ್ಕಯಮ್ಮ ತಟ್ಟೆ ಕೆಳಗಿಟ್ಟು, ಕಂಕುಳಿಂದ ಏನನ್ನೋ ತೆಗೆದರು. ಅದೇ ಗೋಣಿಚೀಲ. ಸೋಪು ಹಾಕಿ ಒಗೆದು, ಮಡಿಸಿ ಇಟ್ಟಿದ್ದರು.

"ಭಾನುವಾರ ತೆಪ್ಪ ಕಟ್ಸಿ, ಕೆರೆಗೆ ಹೋಗಣ. ಸ್ಟಾರ್ಟ್ ಮಾಡೋದು ನೀವು ನೋಡ್ಕೊಳ್ಳಿ. ಇದನ್ನ ಹಿಡ್ಕೊಂಡು ಪಕ್ಕದಲ್ಲಿ ನಾನು ಕೂತಿರ್ತೀನಿ."